ಜೀರುಂಡೆಯೂ ಗಂಗಣ್ಣನವರ ಕಿವಿಯೂ

ಯಾರ ಹತ್ತಿರವೂ ಹೇಳಿಸಿಕೊಳ್ಳದೆ ತಾನೇ ಏನನ್ನಾದರೂ ಕಲಿತವನಿಂದ ಸ್ವಲ್ಪ ದೂರ ಕೂರುವುದು ಒಳ್ಳೆಯದು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ, ಯಾಕೆಂದರೆ ಅಂಥವನು ನಾನೇ. ಮೇಷ್ಟರ ಹತ್ತಿರ ಕಲಿತವನಿಗೆ ಪಾಠದ ಜೊತೆಗೆ ಆಗಾಗ ಒಂದೊಂದು ಏಟೂ ಬಿದ್ದಿರುತ್ತದೆ. ಎಲ್ಲಿ ಬಾಯಿ ಬಿಡಬೇಕು, ಎಲ್ಲಿ ಮುಚ್ಚಿಕೊಂಡಿರಬೇಕು ಅನ್ನುವುದು ಆ ಏಟಿನೊಳಗೇ ಬಂದುಬಿಡುತ್ತದೆ. ಮೊಬೈಲು ನೋಡಿಕೊಂಡು ಕಲಿತವನಿಗೆ ಆ ಭಾಗ್ಯವಿಲ್ಲ. ಅವನಿಗೆ ಬೆಳಿಗ್ಗೆ ಗೊತ್ತಾದದ್ದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗಬೇಕು. ನಾನು ಜೀರುಂಡೆಯ ಬಗ್ಗೆ ಕಲಿತದ್ದು ಹೀಗೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಪಾಯಸಕ್ಕೆ ಕಾಯುತ್ತಿದ್ದಾಗ, ಜೀರುಂಡೆಯ ಮರಿ ವರ್ಷಗಟ್ಟಲೆ ಮಣ್ಣಿನೊಳಗೆ ಬೇರಿನ ರಸ ಹೀರುತ್ತಾ ಕೂತಿರುತ್ತದೆ, ಆಮೇಲೆ ಮೇಲೆ ಬಂದು ಮರ ಹತ್ತಿ, ಬೆನ್ನು ಸೀಳಿಕೊಂಡು ಹಳೇ ಮೈಯಿಂದ ಹೊಸ ಮೈ ತೆಗೆದುಕೊಂಡು ಹೊರಗೆ ಬರುತ್ತದೆ ಅಂತ ವಿವರವಾಗಿ ಹೇಳಿದೆ. ಅವರು ಎಲೆ ಸಮೇತ ಎದ್ದು ಎದುರಿನ ಪಂಕ್ತಿಗೆ ಹೋದರು. ಬಹುಶಃ ಅಲ್ಲಿ ಪಾಯಸ ಬೇಗ ಬರುತ್ತದೆ ಅಂತ ಹೋಗಿರಬೇಕು ಎಂದುಕೊಂಡೆ. ಅಷ್ಟು ಮುಗ್ಧ ನಾನು.

ಹೊಟ್ಟೆಪಾಡು ಮಾತ್ರ ಜೀರುಂಡೆಯದಲ್ಲ, ಮೋಟ್ರಿನದು. ನಮ್ಮೂರು ಸಿ.ಎಸ್. ಪುರದ ಕಡೆ. ಕುಣಿಗಲ್ಲಿನಲ್ಲಿ ಐಟಿಐ ಮುಗಿಸಿ, ಗುಬ್ಬಿಯಲ್ಲಿ ಚೇಳೂರು ರಸ್ತೆಯ ಗಂಗಣ್ಣನವರ ರೀವೈಂಡಿಂಗ್ ಅಂಗಡಿ ಸೇರಿ ನಾಲ್ಕು ವರ್ಷವಾಯಿತು. ಸುಟ್ಟುಹೋದ ಮೋಟ್ರು ಬಿಚ್ಚಿ, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಜೀರುಂಡೆ ನನಗೆ ಗಂಟು ಬಿದ್ದದ್ದೂ ಈ ಕೆಲಸದಿಂದಲೇ. ಒಂದು ಭಾನುವಾರ, ಮಳೆಗೆ ಇನ್ನೂ ತಿಂಗಳಿದ್ದಾಗ, ತುಮಕೂರಿನ ಗೆಳೆಯರ ಜೊತೆ ದೇವರಾಯನದುರ್ಗದ ಕಾಡಿಗೆ ಹೋಗಿದ್ದೆ. ಅವರು ಬಂಡೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಕಾಡಿನೊಳಗೆ ಎಲ್ಲೋ ಒಂದು ಮೋಟ್ರು ನೀರಿಲ್ಲದೆ ಓಡುತ್ತಿರುವುದು ಕೇಳಿಸಿತು. "ಲೇ, ಯಾರೋ ಸ್ವಿಚ್ ಆಫ್ ಮಾಡ್ದೆ ಹೋಗವ್ರೆ ಕಣ್ರೋ, ಕಾಯಿಲ್ ಸುಟ್ಟೋಗ್ತದೆ" ಅಂತ ಗಾಬರಿಯಿಂದ ಪೊದೆಯೊಳಗೆ ನುಗ್ಗಿದೆ. ಅಂಗಿ ಎರಡು ಕಡೆ ಹರಿಯಿತು. ಮೋಟ್ರು ಸಿಗಲಿಲ್ಲ. ಒಂದು ಮರದ ಕಾಂಡಕ್ಕೆ ಕಿವಿ ಇಟ್ಟರೆ ಸದ್ದು ಅಲ್ಲಿಂದಲೇ ಬರುತ್ತಿತ್ತು. ಮೂಗಿನ ತುದಿಗೆ ಒಂದು ಗೇಣು ದೂರದಲ್ಲಿ ಹೆಬ್ಬೆರಳ ಗಾತ್ರದ ಹುಳ ಕೂತಿತ್ತು. ಅಗಲ ತಲೆ, ಪಕ್ಕಕ್ಕೆ ಉಬ್ಬಿದ ಕಣ್ಣು, ರೆಕ್ಕೆಯ ಮೇಲೆ ತೊಗಟೆಯ ಬಣ್ಣದ್ದೇ ಮಚ್ಚೆ. ಕೂಗು ನಿಲ್ಲಿಸಿದ್ದರೆ ಅಲ್ಲಿ ತೊಗಟೆ ಬಿಟ್ಟು ಬೇರೇನೂ ಇಲ್ಲ ಅನ್ನಿಸುತ್ತಿತ್ತು. ಅಷ್ಟು ಚೆನ್ನಾಗಿ ಬಚ್ಚಿಟ್ಟುಕೊಂಡು ಅಷ್ಟು ಜೋರಾಗಿ ಕಿರುಚುವ ಪ್ರಾಣಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಂದಿನಿಂದ ಶುರುವಾಯಿತು. ಸಂಜೆ ಅಂಗಡಿ ಮುಚ್ಚಿದರೆ ಮೊಬೈಲು, ಭಾನುವಾರ ಬಂದರೆ ಬೈಕು. ಕೂಗುವುದು ಗಂಡು ಮಾತ್ರ, ಹೆಣ್ಣು ಸುಮ್ಮನೆ ಕೇಳಿಸಿಕೊಂಡು ಇಷ್ಟವಾದರೆ ಬರುತ್ತದೆ ಅಂತ ತಿಳಿಯಿತು. ಹೊಟ್ಟೆಯ ಎರಡು ಪಕ್ಕದಲ್ಲಿ ಡಬ್ಬಿಯ ಮುಚ್ಚಳದಂಥ ತೆಳು ತಗಡು ಇರುತ್ತದೆ. ಒಳಗಿನ ಸ್ನಾಯು ಅದನ್ನು ಟಕ್ಕಂತ ಎಳೆದು ಟಕ್ಕಂತ ಬಿಡುತ್ತದೆ, ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಎಷ್ಟೋ ಸಲ. ಹೊಟ್ಟೆ ಟೊಳ್ಳಾಗಿರುವುದರಿಂದ ಆ ಸದ್ದು ತಂಬೂರಿಯ ಬುರುಡೆಯೊಳಗೆ ಸುತ್ತಿದ ಹಾಗೆ ದೊಡ್ಡದಾಗಿ ಹೊರಬರುತ್ತದೆ. ಇಷ್ಟು ತಿಳಿಯಲು ನನಗೆ ಆರೇಳು ತಿಂಗಳು ಹಿಡಿಯಿತು. ಓದಿದ್ದು ಇಂಗ್ಲಿಷಿನಲ್ಲಿ, ಅರ್ಥ ಮಾಡಿಕೊಂಡಿದ್ದು ಮೋಟ್ರಿನ ಭಾಷೆಯಲ್ಲಿ. ಸದ್ದು ಬಂದರೆ ಗೆರೆ ಎದ್ದು ಕುಣಿಯುವ ಒಂದು ಆ್ಯಪ್ಪನ್ನೂ ಮೊಬೈಲಿಗೆ ಹಾಕಿಕೊಂಡೆ. ಯಾವ ಗೆರೆ ಯಾವ ಜಾತಿಯದು ಅಂತ ಹೇಳುವಷ್ಟಾದೆ. ಆ ಅಗಲ ತಲೆಯದು ಕಾಡಿನ ಜಾತಿ, ಒಣಗಾಡಿನ ಮರ ಬಿಟ್ಟು ಊರ ಕಡೆ ಬರುವುದಿಲ್ಲ ಅಂತಲೂ ನಾನೇ ತೀರ್ಮಾನ ಮಾಡಿದೆ. ತೀರ್ಮಾನ ಮಾಡಲು ನಾನು ಯಾರು ಅಂತ ನೀವು ಕೇಳಬಹುದು. ಆಗ ಯಾರೂ ಕೇಳಲಿಲ್ಲ.

ಈಗ ಗಂಗಣ್ಣನವರ ವಿಚಾರಕ್ಕೆ ಬರುತ್ತೇನೆ. ಅರವತ್ತು ದಾಟಿದವರು, ಮಾತು ಕಮ್ಮಿ. ಅವರ ಅಂಗಡಿಗೆ ಬೋರ್ಡಿಲ್ಲ. "ಕಿವಿ ಗಂಗಣ್ಣನ ಅಂಗಡಿ ಯಾವ್ದು" ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ತೋರಿಸುತ್ತಿದ್ದರು. ರೈತರು ಮೋಟ್ರು ತಂದು ಇಳಿಸಿದರೆ ಗಂಗಣ್ಣ ಅದನ್ನು ಬೆಂಚಿನ ಮೇಲೆ ಇಟ್ಟು ಓಡಿಸುತ್ತಿದ್ದರು. ಆಮೇಲೆ ಒಂದೂವರೆ ಅಡಿ ಉದ್ದದ ಮರದ ಹಿಡಿಯ ಸ್ಕ್ರೂಡ್ರೈವರ್ ತೆಗೆದುಕೊಂಡು, ತುದಿಯನ್ನು ಮೋಟ್ರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕಕ್ಕೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಆಗ ಅಂಗಡಿಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಹೊರಗೆ ಟ್ರ್ಯಾಕ್ಟರ್ ಓಡುತ್ತಿದ್ದರೆ ಅದನ್ನು ನಿಲ್ಲಿಸುತ್ತಿದ್ದರು. ಗಂಗಣ್ಣ ಕಣ್ಣು ಬಿಟ್ಟು "ಹಿಂದಿನ ಬೇರಿಂಗು" ಅಂದರೆ ಹಿಂದಿನ ಬೇರಿಂಗೇ. "ಏನೂ ಆಗಿಲ್ಲ, ತಗೊಂಡೋಗು" ಅಂದರೆ ಏನೂ ಆಗಿರುತ್ತಿರಲಿಲ್ಲ. ಕುಣಿಗಲ್ ಕಡೆಯವರು ದಾರಿಯಲ್ಲಿ ಸಿಗುವ ನಾಲ್ಕೈದು ಅಂಗಡಿ ದಾಟಿಕೊಂಡು ಇಲ್ಲಿಗೆ ಬರುತ್ತಿದ್ದದ್ದು ಈ ಅರ್ಧ ನಿಮಿಷಕ್ಕೆ. ಬಿಚ್ಚದೇ ಹೇಳುವವರು ಸುತ್ತಮುತ್ತ ಇವರೊಬ್ಬರೇ.

ಈ ಅರ್ಧ ನಿಮಿಷವನ್ನು ನಾನು ಹಾಳು ಮಾಡಿದೆ.

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ, ಹಾಗಲವಾಡಿ ಕಡೆಯ ಲಕ್ಕಪ್ಪ ಇನ್ನಿಬ್ಬರ ಜೊತೆ ಅಂಗಡಿಯಲ್ಲಿ ಕೂತಿದ್ದ. ತೆಂಗಿನ ತೋಟದವನು, ಬಾಯಿ ದೊಡ್ಡದು. ಅವನಿಗೆ ಹೇಳಿದ ಮಾತು ಅವನಿಗಿಂತ ಮುಂಚೆ ಊರು ಸೇರುತ್ತದೆ. ಅಂಗಡಿಯ ಮುಂದೆ ಒಂದು ಹೊಂಗೆ ಮರ ಇದೆ. ಇದ್ದಕ್ಕಿದ್ದಂತೆ ಆ ಮರದಿಂದ ಕೂಗು ಶುರುವಾಯಿತು. ನನ್ನ ಕೈಯಿಂದ ತಂತಿ ಜಾರಿತು. ಅದೇ! ಕಾಡಿನದು! ಹೊರಗೆ ಓಡಿದೆ.

"ಅಣ್ಣಾ! ಬೇಗ ಬನ್ನಿ ಅಣ್ಣಾ! ಲಕ್ಕಪ್ಪಣ್ಣ, ನೀವೂ ಬನ್ನಿ!"

"ಏನ್ಲಾ ಅದು, ಹಾವಾ?" ಲಕ್ಕಪ್ಪ ಕಾಲು ಮೇಲೆ ಎತ್ತಿಕೊಂಡ.

"ಹಾವಲ್ಲ, ಜೀರುಂಡೆ. ಕಾಡಿಂದು ಊರೊಳಕ್ಕೆ ಬಂದ್ಬುಟ್ಟೈತೆ!"

"ಥೂ ನಿನ್ನ! ನಮ್ ತೋಟಕ್ಕೆ ಚಿರತೆ ಬಂದಾಗ್ಲೂ ನಾವು ಇಷ್ಟು ಕುಣೀಲಿಲ್ಲ ಕಣ್ಲಾ."

ಆದರೂ ಎಲ್ಲರೂ ಹೊರಗೆ ಬಂದರು. ಎಲ್ಲರೂ ಕಿವಿಗೆ ಬೆರಳಿಟ್ಟುಕೊಂಡು "ಅಯ್ಯಯ್ಯೋ, ತಲೆ ಚಿಟ್ಟಿಡೀತದಲ್ಲೋ" ಅಂದರು. ಕೊನೆಗೆ ಗಂಗಣ್ಣ ಬಟ್ಟೆ ತುಂಡಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು.

"ಏನು?"

"ಕೇಳಿ ಅಣ್ಣ, ಆ ಕೂಗು."

"ಯಾವ್ದು? ಲಾರಿದಾ?"

"ಲಾರಿ ಹೋಯ್ತಲ್ಲ ಅಣ್ಣ. ಈಗ ಕೇಳಿ."

ಗಂಗಣ್ಣ ಮರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು, ಆಮೇಲೆ ಲಕ್ಕಪ್ಪನ ಕಿವಿಯೊಳಗಿದ್ದ ಬೆರಳು ನೋಡಿದರು. "ಹಾಂ, ಹಾಂ. ಜೋರಾಗೈತೆ" ಅಂತ ತಲೆ ಆಡಿಸಿದರು. ಬುದ್ಧಿ ಇರುವ ಯಾರೇ ಆದರೂ ಅಲ್ಲಿಗೆ ಬಿಡುತ್ತಿದ್ದರು. ಗಂಗಣ್ಣ ತಲೆ ಆಡಿಸುವ ಹೊತ್ತಿಗೆ ಜೀರುಂಡೆ ಕೂಗು ನಿಲ್ಲಿಸಿಬಿಟ್ಟಿತ್ತು. ಮರ ನಿಶ್ಶಬ್ದವಾಗಿತ್ತು. ನನಗೆ ಹೊಸದೊಂದು ಕಂಡುಹಿಡಿದ ಸಂತೋಷ ತಡೆಯಲಾಗಲಿಲ್ಲ.

"ಅಣ್ಣಾ, ಅದು ನಿಲ್ಸಿ ಆಗ್ಲೇ ಎಷ್ಟೊತ್ತಾಯ್ತು! ನಿಮಗೆ ಕೇಳ್ಸೇ ಇಲ್ಲ! ಇದು ಸೈನ್ಸು ಅಣ್ಣ. ವಯಸ್ಸಾಗ್ತಾ ಆಗ್ತಾ ಮೊದ್ಲು ಹೋಗೋದೇ ಈ ತೆಳ್ಳಗಿನ ಸದ್ದು. ನಾನು ಓದಿದ್ದೆ, ಇವತ್ತು ಕಣ್ಣಾರೆ ನೋಡ್ದೆ!"

ಲಕ್ಕಪ್ಪ ಕಿವಿಯಿಂದ ಬೆರಳು ತೆಗೆದ. "ಹಂಗಂದ್ರೆ ಗಂಗಣ್ಣಂಗೆ ಕಿವಿ ಕೇಳಾಕಿಲ್ವಾ?"

"ಕೇಳ್ತದೆ, ಕೇಳ್ತದೆ. ದಪ್ಪ ಸದ್ದೆಲ್ಲ ಕೇಳ್ತದೆ. ತೆಳ್ಳಂದು ಹೋಗೈತೆ ಅಷ್ಟೇ" ಅಂದೆ. ಇದನ್ನು ನಾನು ಸಮಾಧಾನಕ್ಕೆ ಹೇಳಿದ್ದು. ಸವೆದ ಬೇರಿಂಗಿನ ಕಿರುಗುಟ್ಟುವಿಕೆ ತೆಳ್ಳಗಿನ ಸದ್ದು ಅನ್ನುವುದು ಅಲ್ಲಿ ನಿಂತಿದ್ದ ಮೂವರು ರೈತರಿಗೂ ಗೊತ್ತಿತ್ತು. ನನಗೆ ಅವರ ಮುಖ ನೋಡಿದ ಮೇಲೆ ಗೊತ್ತಾಯಿತು.

ಗಂಗಣ್ಣ ಬೈಯಲಿಲ್ಲ. "ಕರೆಂಟ್ ಹೋಗೋದ್ರೊಳಗೆ ಆ ಮೋಟ್ರು ಬಿಚ್ಚು ನಡಿ" ಅಂದು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಆಗಬೇಕಾದ್ದು ಆಯಿತು. ಟೀ ಅಂಗಡಿಯಲ್ಲಿ, ಸಂತೆಯಲ್ಲಿ, ಚೇಳೂರು ಬಸ್ಸಿನಲ್ಲಿ ಲಕ್ಕಪ್ಪ ಸುದ್ದಿ ಹಂಚಿದ. ಮುಂದಿನ ವಾರ ಅವನೇ ತೋಟದ ತೊಟ್ಟಿಯ ಮೋಟ್ರು ತಂದ. ಗಂಗಣ್ಣ ಅಭ್ಯಾಸದಂತೆ ಸ್ಕ್ರೂಡ್ರೈವರಿಗೆ ಕೈ ಹಾಕಿದರು.

"ಬುಡು ಗಂಗಣ್ಣ, ನೀನ್ ಕೂತ್ಕ. ಮಂಜ ಕೇಳ್ಲಿ. ಹುಳ ಕೂಗದೇ ಕೇಳ್ತದಂತೆ ಅವಂಗೆ, ಮೋಟ್ರು ಕೇಳಾಕಿಲ್ವಾ? ಕಿವಿ ಹೊಸದೈತೆ."

ಮಂಜ ಅಂದರೆ ನಾನು. ಗಂಗಣ್ಣ ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಹಿಡಿ ನನ್ನ ಕಡೆ ತಿರುಗಿಸಿ ಕೊಟ್ಟರು. ಅಂಗಡಿ ಸೇರಿದಂದಿನಿಂದ ಅದನ್ನು ಅವರು ಯಾರ ಕೈಗೂ ಕೊಟ್ಟದ್ದು ನಾನು ನೋಡಿರಲಿಲ್ಲ. ಹಿಡಿಯ ಮೇಲೆ ಅವರ ಬೆರಳು ಕೂರುವ ಜಾಗ ನುಣುಪಾಗಿ ತಗ್ಗು ಬಿದ್ದಿತ್ತು. ನನ್ನ ಬೆರಳು ಅದರಲ್ಲಿ ಕೂರಲಿಲ್ಲ.

ಕಿವಿಗೆ ಇಟ್ಟುಕೊಂಡೆ. ಕೇಳಿಸಿತು. ಏನು ಕೇಳಿಸಿತು ಅಂದರೆ, ಗುಂಯ್. ಅಷ್ಟೇ. ಒಳ್ಳೆಯ ಬೇರಿಂಗು ಗುಂಯ್ ಅನ್ನುತ್ತದೋ ಕೆಟ್ಟ ಬೇರಿಂಗು ಗುಂಯ್ ಅನ್ನುತ್ತದೋ ನನ್ನ ಆ್ಯಪ್ಪಿನಲ್ಲಿ ಇರಲಿಲ್ಲ. ಲಕ್ಕಪ್ಪನೂ ಅವನ ಜೊತೆ ಬಂದಿದ್ದ ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ಚೆನ್ನಾಗೈತೆ, ಏನೂ ಆಗಿಲ್ಲ" ಅಂದುಬಿಟ್ಟೆ.

ಗಂಗಣ್ಣನವರ ಕೈ ಮೋಟ್ರಿನ ಮೇಲಿತ್ತು. "ಒಂದ್ಸಲ ಬಿಚ್ಚಿ ನೋಡಾನ ಲಕ್ಕಪ್ಪ" ಅಂದರು.

"ಯಾಕಣ್ಣ ಸುಮ್ನೆ, ಹುಡ್ಗ ಕೇಳವ್ನಲ್ಲ" ಅಂದು ಲಕ್ಕಪ್ಪ ಮೋಟ್ರು ಹೇರಿಕೊಂಡು ಹೋದ. ನಾಲ್ಕನೇ ದಿನ ಅದು ವಾಪಸು ಬಂತು. ಬೇರಿಂಗು ಹಿಡಿದುಕೊಂಡು, ಒಳಗೆ ಕಾಯಿಲೆಲ್ಲ ಸುಟ್ಟು, ಟ್ರ್ಯಾಕ್ಟರ್ ನಿಲ್ಲುವ ಮುಂಚೆಯೇ ವಾಸನೆ ಅಂಗಡಿಯೊಳಗೆ ಬಂದಿತ್ತು. ಲಕ್ಕಪ್ಪ ನನ್ನನ್ನು ಹುಳದ ಜೊತೆ ಸೇರಿಸಿ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಅವನು ಹೇಳಿದ ಮಾತು ಮಾತ್ರ ನಿಜವಾಗಿ ಚುಚ್ಚಿತು. "ಕಿವಿ ಇರೋನ್ಗೇ ಗೊತ್ತಾಗ್ಲಿಲ್ಲ, ಇನ್ನು ಇಲ್ದಿರೋರ್ಗೆ ಏನ್ ಗೊತ್ತಾಗ್ತದೆ? ಈ ಅಂಗಡಿ ಮುಗೀತು ಬುಡ್ರಪ್ಪ." ಮುಂದಿನ ಎರಡು ವಾರ ಕುಣಿಗಲ್ ಕಡೆಯ ಗಾಡಿಗಳು ನಮ್ಮ ಮುಂದೆಯೇ ಬೇರೆ ಅಂಗಡಿಗೆ ಹೋದವು. ಗಂಗಣ್ಣ ಲಕ್ಕಪ್ಪನ ಮೋಟ್ರು ಬಿಚ್ಚಿ, ತಾವೇ ತಂತಿ ಸುತ್ತಿ, ತಾವೇ ಬೇರಿಂಗು ಕೂರಿಸಿ ಕಳಿಸಿದರು. ನನಗೆ ಗುಡಿಸುವ ಕೆಲಸ ಉಳಿಯಿತು. ಅದನ್ನು ಬಹಳ ಶ್ರದ್ಧೆಯಿಂದ ಮಾಡಿದೆ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

ಮಧ್ಯಾಹ್ನ ಬುತ್ತಿ ತರುವ ಸರೋಜಕ್ಕ, ಅಂದರೆ ಗಂಗಣ್ಣನವರ ಹೆಂಡತಿ, ಒಂದು ದಿನ ನನ್ನನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿಕೊಂಡರು.

"ಏನೋ ಮಂಜ, ನಮ್ ಯಜಮಾನ್ರಿಗೆ ಕಿವಿ ಕೇಳಲ್ಲ ಅಂತ ನೀನು ಕಂಡುಹಿಡಿದ್ಯಂತೆ?"

"ಅಕ್ಕಾ, ಅದು..."

"ಮನೇಲಿ ಕುಕ್ಕರ್ ಸೀಟಿ ಅವರಿಗೆ ಕೇಳ್ಸದೆ ಎಂಟು ವರ್ಷ ಆಯ್ತು ಕಣೋ. ನಾನು ಯಾರ ಹತ್ರನಾದ್ರೂ ಹೇಳಿದೀನಾ? ಬಾಯಿ ನನಗಿಲ್ವಾ?"

"ಎಂಟು ವರ್ಷನಾ? ಮತ್ತೆ ಮೋಟ್ರು ಹೆಂಗೆ ಕೇಳ್ತಿದ್ರು?"

ಸರೋಜಕ್ಕ ನನ್ನನ್ನು ನೋಡಿದ ನೋಟ, ಅನ್ನ ಸೀದಾಗ ಪಾತ್ರೆ ನೋಡುತ್ತಾರಲ್ಲ, ಹಾಗಿತ್ತು. "ಕೇಳೋದು ಯಾವಾಗ್ಲೋ ಬಿಟ್ಟವ್ರೆ. ಕೈಗೆ ಗೊತ್ತಾಗುತ್ತೆ ಅವ್ರಿಗೆ. ದವಡೆ ಮೂಳೆಗೆ ಗೊತ್ತಾಗುತ್ತೆ. ಸುಮ್ನೆ ಕೈ ಇಟ್ಟು ಹೇಳಿದ್ರೆ ರೈತರು ನಂಬ್ತಾರೇನೋ? ಮುಟ್ಟಿದ್ಕೇ ಏನ್ ಗೊತ್ತಾಯ್ತು ಅಂತಾರೆ. ಕಿವಿಗಿಟ್ಕೊಂಡ್ರೆ ನಂಬ್ತಾರೆ. ಅದಕ್ಕೆ ಇಟ್ಕೊಳ್ತಿದ್ರು. ಅದನ್ನೂ ಕಿತ್ಕೊಂಡ್ಯಲ್ಲೋ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ನಿದ್ದೆ ಬಂತು. ಬೆಳಿಗ್ಗೆ ಎಚ್ಚರವಾದಾಗ ಮಾತ್ರ ಏಳುವ ಮನಸ್ಸಿರಲಿಲ್ಲ. ಗಂಗಣ್ಣನವರ ಹತ್ತಿರ ಕ್ಷಮೆ ಕೇಳಬೇಕು, ಆದರೆ ಹೇಗೆ? ಅದನ್ನು ಕಲಿಸುವ ವಿಡಿಯೋ ನೋಡಿರಲಿಲ್ಲ. ಅಂಗಡಿಗೆ ಬೇಗ ಹೋದೆ. ಮುಂಜಾನೆಯ ತಂಪಿಗೆ ಜೀರುಂಡೆ ಮಂಕಾಗಿರುತ್ತದೆ, ಹೊಂಗೆಯ ಕಾಂಡದ ಮೇಲೆ ಕೈಗೆ ಸಿಗುವಷ್ಟು ಕೆಳಗೆ ಕೂತಿತ್ತು. ಮೆಲ್ಲಗೆ ಹಿಡಿದು ಒಳಗೆ ತಂದೆ. ಗಂಗಣ್ಣ ಆಗಷ್ಟೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದರು.

"ಅಣ್ಣ, ಕೈ ಕೊಡಿ."

"ಏನ್ಲಾ ಇದು? ಕಚ್ತದಾ?"

"ಇಲ್ಲ ಅಣ್ಣ. ಅವತ್ತು ಕೂಗಿದ್ದು ಇದೇ ಜಾತಿ."

ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಹಿಡಿದ ತಕ್ಷಣ ಜೀರುಂಡೆ ಹೆದರಿ ಕಿರುಚಿತು. ಅಂಗಡಿಯ ತಗಡಿನ ಛಾವಣಿಯೇ ಕಿರುಚಿದ ಹಾಗಾಯಿತು. ಗಂಗಣ್ಣನವರಿಗೆ ಅದು ಕೇಳಿಸಲಿಲ್ಲ. ಆದರೆ ಅವರ ಮುಖ ಬದಲಾಯಿತು. ಮುಷ್ಟಿಯನ್ನು ದವಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಸ್ಕ್ರೂಡ್ರೈವರ್ ಇಲ್ಲದೆ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

"ಎರಡು ಪಕ್ಕಾನೂ ಹೊಡೀತೈತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮಧ್ಯ ಏನೂ ಇಲ್ಲ. ಟೊಳ್ಳು." ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಬಲಗಡೇದು ವಸಿ ಸಡ್ಲ ಕಣ್ಲಾ."

ಆರೇಳು ತಿಂಗಳು ಇಂಗ್ಲಿಷಿನಲ್ಲಿ ಕಷ್ಟಪಟ್ಟು ನಾನು ತಿಳಿದುಕೊಂಡದ್ದನ್ನು ಗಂಗಣ್ಣ ಅರ್ಧ ನಿಮಿಷದಲ್ಲಿ ಹೇಳಿದರು, ನನಗೆ ಗೊತ್ತಿಲ್ಲದ ಒಂದನ್ನು ಸೇರಿಸಿ. ಅವರು ಬೆರಳು ಬಿಡಿಸಿದರು. ಜೀರುಂಡೆ ಅಂಗೈ ಮೇಲೆ ನೀರು ಚಿಮ್ಮಿಸಿ ಹಾರಿಹೋಯಿತು. ನನ್ನ ಕ್ಷಮಾಪಣೆಯ ಮೊದಲ ಭಾಗ ಹೀಗಾಯಿತು.

"ಅಣ್ಣ, ಅವತ್ತು ನಾನು ಎಲ್ಲರ ಮುಂದೆ ಹಂಗನ್ಬಾರ್ದಿತ್ತು" ಅಂದೆ. ಮೆಲ್ಲಗೆ ಅಂದೆನೇನೋ. ಗಂಗಣ್ಣ ಆ ಕಡೆ ತಿರುಗಿ ಕೈ ಒರೆಸಲು ಬಟ್ಟೆ ಹುಡುಕುತ್ತಿದ್ದರು. ಕೇಳಿಸಲಿಲ್ಲವೋ, ಕೇಳಿಸಿಯೂ ಹಾಗಿದ್ದರೋ ಇವತ್ತಿಗೂ ತಿಳಿಯದು. ಇನ್ನೊಂದು ಸಲ ಜೋರಾಗಿ ಹೇಳಬಹುದಿತ್ತು. ಊರಿಗೆಲ್ಲ ಕೇಳುವ ಹಾಗೆ ಅವರ ಮಾನ ಕಳೆದ ಗಂಟಲಿಗೆ ಅಷ್ಟು ಶಕ್ತಿ ಬರಲಿಲ್ಲ.

ಬಟ್ಟೆ ಸಿಕ್ಕಿತು. ಕೈ ಒರೆಸುತ್ತಾ ಅವರೇ ಹೇಳಿದರು. "ಇನ್ ಮೇಲೆ ಯಾರಾದ್ರೂ ಬಂದ್ರೆ ನೀನು ಕಿವಿಗಿಟ್ಕ. ನಾನು ಮೋಟ್ರು ಅಲ್ಲಾಡ್ದಂಗೆ ಕೈ ಇಟ್ಕೊಂಡಿರ್ತೀನಿ. ಒಂದ್ಸಲ ನಿನ್ ಕಾಲು ತುಳಿದ್ರೆ ಮುಂದಿನ ಬೇರಿಂಗು. ಎರಡ್ಸಲ ತುಳಿದ್ರೆ ಹಿಂದಿಂದು. ತುಳೀದಿದ್ರೆ ಏನೂ ಆಗಿಲ್ಲ."

"ಬ್ಯಾಡ ಅಣ್ಣ, ನಾನು ಎಲ್ಲರಿಗೂ ನಿಜ ಹೇಳ್ತೀನಿ. ನಿಮ್ ಕೈ..."

"ನೀನು ಏನೂ ಹೇಳ್ಬ್ಯಾಡಪ್ಪ" ಅಂದರು ಗಂಗಣ್ಣ. ಆ 'ಅಪ್ಪ'ದಲ್ಲಿ ಎಷ್ಟು ದಣಿವಿತ್ತೆಂದರೆ ನಾನು ಸುಮ್ಮನಾದೆ.

ಪೂರ್ತಿ ಸುಮ್ಮನಾದೆ ಅಂದರೆ ಸುಳ್ಳಾಗುತ್ತದೆ. ಒಂದು ಸಲ ತಡೆಯಲಾರದೆ ಲಕ್ಕಪ್ಪನಿಗೆ ಹೇಳಿದೆ, ಕೇಳುವುದು ನಾನಲ್ಲ, ಗಂಗಣ್ಣನವರ ಕೈ ಅಂತ. ಅವನು ನನ್ನ ಬೆನ್ನು ತಟ್ಟಿದ. "ನೋಡ್ರಲಾ, ಗುರು ಮೇಲೆ ಎಷ್ಟು ಭಕ್ತಿ ಮಡಗವ್ನೆ. ಹಿಂಗಿರ್ಬೇಕು" ಅಂದ. ಗಂಗಣ್ಣನವರಿಗೆ ತೆಳ್ಳಗಿನ ಸದ್ದು ಕೇಳದು ಅಂತ ಅರೆಬರೆ ತಿಳಿದು ಹೇಳಿದಾಗ ಊರೆಲ್ಲ ನಂಬಿತು. ನಿಜ ಹೇಳಿದಾಗ ವಿನಯ ಅಂದುಕೊಂಡಿತು.

ಏರ್ಪಾಡು ಮಾತ್ರ ಚೆನ್ನಾಗಿ ನಡೆಯುತ್ತಿದೆ. ಒಂದು ತೀರ್ಪೂ ತಪ್ಪಾಗಿಲ್ಲ. ಹೋದ ಗಾಡಿಗಳು ಒಂದೊಂದಾಗಿ ವಾಪಸು ಬಂದವು. ಈಗ ಬಸ್ ಸ್ಟ್ಯಾಂಡಿನಲ್ಲಿ ಕೇಳುವುದು ಕಿವಿ ಮಂಜನ ಅಂಗಡಿ. ಗಂಗಣ್ಣನವರನ್ನು ಬಂದವರು "ಏನ್ ಯಜಮಾನ್ರೇ, ಚೆನ್ನಾಗಿದೀರಾ" ಅಂತ ಕಿವಿಯ ಹತ್ತಿರ ಬಂದು ಕಿರುಚಿ ಮಾತಾಡಿಸುತ್ತಾರೆ. ಅಷ್ಟು ಕಿರುಚುವ ಅಗತ್ಯವಿಲ್ಲ, ಮಾತು ಅವರಿಗೆ ಕೇಳುತ್ತದೆ. ಅವರು ತಲೆ ಆಡಿಸಿ ಮೋಟ್ರು ಹಿಡಿದುಕೊಳ್ಳುತ್ತಾರೆ. ಈಚೆಗೆ ಒಂದು ವಿಷಯ ಓದಿದೆ. ಗಂಡು ಜೀರುಂಡೆ ಕೂಗುವಾಗ ತನ್ನ ಕಿವಿಯ ಪೊರೆಯನ್ನು ಸಡಿಲ ಮಾಡಿಕೊಳ್ಳುತ್ತದಂತೆ, ತನ್ನ ಕಿರುಚಾಟ ತನಗೇ ಜೋರಾಗಿ ಕೇಳದಿರಲಿ ಅಂತ. ಮೊದಲಾಗಿದ್ದರೆ ಇದನ್ನು ಅಂಗಡಿಗೆ ಬಂದವರಿಗೆಲ್ಲ ಹೇಳಿ, ಅವರ ಕೈಯ ಟೀ ಆರುವವರೆಗೆ ಬಿಡುತ್ತಿರಲಿಲ್ಲ. ಇದೊಂದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಉದಾಹರಣೆ ಕೇಳುತ್ತಾರೆ.

ಮೊನ್ನೆ ಕುಣಿಗಲ್ ಕಡೆಯ ಒಬ್ಬರು ಹಿರಿಯರು ಮೋಟ್ರು ತಂದರು. ಮೊದಲ ಸಲ ಬಂದವರು, ಹೆಸರು ಕೇಳಿಕೊಂಡೇ ಬಂದವರು. ನಾನು ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದೆ. ಅಂಗಡಿ ನಿಶ್ಶಬ್ದವಾಯಿತು. ಗಂಗಣ್ಣ ಎರಡು ಸಲ ಕಾಲು ತುಳಿದರು. ನಾನು ಕಣ್ಣು ಬಿಡಲಿಲ್ಲ. ಹುಬ್ಬು ಸ್ವಲ್ಪ ಗಂಟು ಹಾಕಿದೆ. ತಲೆಯನ್ನು ಒಂದು ಕಡೆ ವಾಲಿಸಿದೆ. ಮತ್ತೆ ಎರಡು ಸಲ ತುಳಿದರು, ಈ ಸಲ ಗಟ್ಟಿಯಾಗಿ. ಆಗ ನಿಧಾನವಾಗಿ ಕಣ್ಣು ಬಿಟ್ಟು "ಹಿಂದಿನ ಬೇರಿಂಗು" ಅಂದೆ.

"ಅಬ್ಬಬ್ಬಾ, ಎಂಥ ಕಿವಿನಪ್ಪಾ ನಿಂದು!" ಅಂದರು ಹಿರಿಯರು.

ಅವರು ಹೋದ ಮೇಲೆ ಗಂಗಣ್ಣ ನನ್ನ ಕೈಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು, ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿದರು.

"ಅಷ್ಟೊತ್ತು ಕಣ್ಣು ಮುಚ್ಕೋಬ್ಯಾಡ ಕಣ್ಲಾ" ಅಂದರು. "ನಾನು ಅಷ್ಟೊತ್ತು ಮುಚ್ತಿರ್ಲಿಲ್ಲ."